ಹಸಿದ ವಿಶ್ವವಿದ್ಯಾಲಯಗಳು: ವಿದ್ಯಾರ್ಥಿ ಕ್ರೈಸ್ತ ಸೇವೆ ತನ್ನ ಗುರಿಯನ್ನು ಕಂಡುಕೊಂಡ ಬಗೆ

1920ರ ಫೆಬ್ರವರಿಯಲ್ಲಿ ರೂತ್ ರೌಸ್ ವಿಯೆನ್ನಾಕ್ಕೆ ಬಂದಿಳಿದಾಗ ಆ ನಗರದ ಸಾಮ್ರಾಜ್ಯ ಅಳಿದುಹೋಗಿತ್ತು. ಐದು ಕೋಟಿ ಜನರಿದ್ದ ಹ್ಯಾಬ್ಸ್‌ಬರ್ಗ್ ರಾಜ್ಯ ಒಡೆದು, ಆಸ್ಟ್ರಿಯಾದ ಪಾಲಿಗೆ ಸುಮಾರು 65 ಲಕ್ಷ ಜನ ಉಳಿದಿದ್ದರು. ಕಲ್ಲಿದ್ದಲು ಬರುತ್ತಿದ್ದ ಬೊಹೀಮಿಯಾ, ಧಾನ್ಯ ಬರುತ್ತಿದ್ದ ಹಂಗೇರಿ ಎರಡೂ ಗಡಿಯಾಚೆಗೆ ಸೇರಿದ್ದವು. ಸೌದೆಗಾಗಿ ಜನ ಊರಂಚಿನ ಕಾಡಿಗೆ ಕೊಡಲಿ ಹಿಡಿದು ಹೋಗುತ್ತಿದ್ದರು. ಯುದ್ಧಭೂಮಿಯಿಂದ ಮರಳಿದ ಹುಡುಗರು ಸೈನ್ಯದ ಸವೆದ ಸಮವಸ್ತ್ರದಲ್ಲೇ ತರಗತಿಗೆ ಬರುತ್ತಿದ್ದರು. ಅನೇಕರಿಗೆ ಬೇರೆ ಬಟ್ಟೆಯೇ ಇರಲಿಲ್ಲ. ಬೆಲೆ ಏರಿದ ಹಾಗೆಲ್ಲ ಅಪ್ಪ ಅಮ್ಮ ಕೂಡಿಟ್ಟ ಹಣ ಕರಗುತ್ತಿತ್ತು. ವೈದ್ಯಕೀಯ ಓದುವವರೂ ಕಾನೂನು ಓದುವವರೂ ಒಂದೇ ಸಮನೆ ಹಸಿದಿದ್ದರು.

ರೌಸ್ ಪರಿಹಾರ ಕಾರ್ಯದ ಅಧಿಕಾರಿಯಾಗಿರಲಿಲ್ಲ. ಕೇಂಬ್ರಿಜ್‌ನ ಗರ್ಟನ್ ಕಾಲೇಜಿನಲ್ಲಿ ಓದಿದ ಆಕೆ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮುಂಬಯಿಯಲ್ಲಿ ವಿದ್ಯಾವಂತ ಹೆಣ್ಣುಮಕ್ಕಳ ನಡುವೆ ಮಿಷನರಿ ಕೆಲಸ ಮಾಡಿದ್ದರು. 1905ರಿಂದ ಜಾಗತಿಕ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟದ ಪರವಾಗಿ ದೇಶದೇಶಗಳ ವಿದ್ಯಾರ್ಥಿನಿಯರನ್ನು ಕಂಡು ಬರುವುದು ಅವರ ಕೆಲಸವಾಗಿತ್ತು. ಬೈಬಲ್ ಅಧ್ಯಯನ, ಪ್ರಾರ್ಥನಾ ಕೂಟ, ಸಮ್ಮೇಳನ, ಪತ್ರವ್ಯವಹಾರ ಇಷ್ಟೇ ಆ ಸೇವೆಯ ಸಾಧನಗಳು. ಇವನ್ನಿಟ್ಟುಕೊಂಡು ಖಂಡವೊಂದರ ಹಸಿವಿನ ಮುಂದೆ ನಿಂತವರು ಮಾಡಬಹುದಾದದ್ದೇನು? ಲೋಕದ ಸಂಕಟ ಕಿವಿಗೆ ಬಿದ್ದಾಗೆಲ್ಲ ಕ್ಯಾಂಪಸ್ಸುಗಳ ಕ್ರೈಸ್ತ ಕೂಟಗಳನ್ನು ಕಾಡುವ ಪ್ರಶ್ನೆ ಇದು. ಈ ಸೇವೆಯ ಗುರಿ ದೊಡ್ಡ ಘೋಷಣೆಗಳಿಂದ ಸ್ಪಷ್ಟವಾಗಲಿಲ್ಲ. ತಮ್ಮ ಸ್ಥಾನಕ್ಕೆ ಸಲ್ಲುವ ಒಂದು ಪಾಲು ನೋವನ್ನು ಗುರುತಿಸಿ, ಅದನ್ನು ಶಿಸ್ತಿನಿಂದ ಹೊತ್ತಾಗಲೇ ಸ್ಪಷ್ಟವಾಯಿತು ಎಂಬುದು ಈ ಲೇಖನದ ವಾದ.

ಘೋಷಣೆಗಳಿಗಂತೂ ಕೊರತೆಯಿರಲಿಲ್ಲ. ಒಕ್ಕೂಟ ಹುಟ್ಟಿದ್ದು 1895ರಲ್ಲಿ, ಸ್ವೀಡನ್ನಿನ ವಾಡ್‌ಸ್ಟೇನಾ ಕೋಟೆಯಲ್ಲಿ. ಅಮೆರಿಕದ ಜಾನ್ ಮೋಟ್, ಸ್ವೀಡನ್ನಿನ ಕಾರ್ಲ್ ಫ್ರೀಸ್ ಅದರ ಮುಂದಾಳುಗಳು. ತಮ್ಮ ತಲೆಮಾರಿನಲ್ಲೇ ಜಗತ್ತಿಗೆಲ್ಲ ಸುವಾರ್ತೆ ಮುಟ್ಟಬೇಕೆಂಬುದು ಮೋಟ್ ಅವರ ಹಂಬಲ. 1900ರಲ್ಲಿ ಅದನ್ನೇ ಹೆಸರಾಗಿಟ್ಟು ಒಂದು ಪುಸ್ತಕ ಬರೆದರು. ಆ ಉತ್ಸಾಹದ ಪ್ರಾಮಾಣಿಕತೆಯನ್ನು ಶಂಕಿಸಬೇಕಿಲ್ಲ. ಆದರೆ 1914ರಲ್ಲಿ ಅದೇ ಒಕ್ಕೂಟದ ಜರ್ಮನ್, ಫ್ರೆಂಚ್, ಇಂಗ್ಲಿಷ್ ಸದಸ್ಯರು ಎದುರುಬದುರು ಕಂದಕಗಳಲ್ಲಿ ಬಂದೂಕು ಹಿಡಿದು ಕೂತರು. ಎಲ್ಲರೂ ಒಂದಾಗಿರಲಿ ಎಂಬ ಯೇಸುವಿನ ಪ್ರಾರ್ಥನೆಯನ್ನು ಧ್ಯೇಯವಾಕ್ಯ ಮಾಡಿಕೊಂಡಿದ್ದ ಸಂಸ್ಥೆಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇರೆ ಇರಲಾರದು.

ಯುದ್ಧ ಮುಗಿದ ಮೇಲೆ ವಿಯೆನ್ನಾದಿಂದ ರೌಸ್ ನೆರವು ಕೋರಿ ಬರೆದ ಮನವಿಗೆ ಬೇರೆ ದೇಶಗಳ ವಿದ್ಯಾರ್ಥಿಗಳು ಓಗೊಟ್ಟರು. 1920ರ ಬೇಸಿಗೆಯಲ್ಲಿ ಸ್ವಿಟ್ಜರ್ಲೆಂಡಿನ ಬೇಟೆನ್‌ಬರ್ಗ್‌ನಲ್ಲಿ, ಯುದ್ಧಾನಂತರ ಮೊದಲ ಬಾರಿಗೆ ಒಕ್ಕೂಟದ ಮಹಾಸಮಿತಿ ಸೇರಿತು. ಯುರೋಪಿನ ವಿದ್ಯಾರ್ಥಿ ಪರಿಹಾರ ಕಾರ್ಯ ಅಲ್ಲಿ ಅಧಿಕೃತವಾಗಿ ಆರಂಭವಾಯಿತು. ಯುದ್ಧಕಾಲದಲ್ಲಿ ಜರ್ಮನಿಯ ಸೆರೆಶಿಬಿರಗಳಲ್ಲಿ ವೈಎಂಸಿಎ ಪರವಾಗಿ ದುಡಿದಿದ್ದ ಕಾನ್ರಾಡ್ ಹಾಫ್‌ಮನ್ ಅದರ ಹೊಣೆ ಹೊತ್ತರು.

ಇಲ್ಲಿ ತೆಗೆದುಕೊಂಡ ಎರಡು ತೀರ್ಮಾನಗಳು ಗಮನಿಸತಕ್ಕವು. ಜನಾಂಗ, ದೇಶ, ಮತ ಯಾವುದನ್ನೂ ನೋಡದೆ ಅಗತ್ಯವೊಂದನ್ನೇ ನೋಡಿ ಕೊಡಬೇಕು. ಕೊಡುವುದನ್ನು ಮತಪ್ರಚಾರಕ್ಕೆ ಬಳಸಬಾರದು. ಇಂದು ಇವು ಸಾಮಾನ್ಯ ಮಾತುಗಳಾಗಿ ಕಾಣಬಹುದು. ಅಂದಿನ ಯುರೋಪಿನಲ್ಲಿ ಹಾಗಿರಲಿಲ್ಲ. ಹಂಗೇರಿ 1920ರಲ್ಲೇ ವಿಶ್ವವಿದ್ಯಾಲಯಗಳಿಗೆ ಸೇರುವ ಯೆಹೂದಿಗಳ ಸಂಖ್ಯೆಗೆ ಕಾನೂನಿನ ಮೂಲಕ ಮಿತಿ ಹಾಕಿತ್ತು. ವಿಯೆನ್ನಾದ ವಿದ್ಯಾರ್ಥಿ ಸಂಘಗಳಲ್ಲಿ ಯೆಹೂದಿ ದ್ವೇಷ ಬಹಿರಂಗವಾಗಿತ್ತು. ಯೆಹೂದಿ ಹುಡುಗನಿಗೂ ಅದೇ ಊಟದ ಚೀಟಿ, ಅದೇ ಸಾಲು ಎನ್ನುವುದು ಅಲ್ಲಿ ಬಾಯಿಮಾತಿನ ಉದಾರತೆಯಾಗಿರಲಿಲ್ಲ. ಸ್ಥಳೀಯ ಸಂಘಗಳೊಡನೆ ಜಗಳಕ್ಕೆ ನಿಲ್ಲಬೇಕಾದ ವಿಷಯವಾಗಿತ್ತು. 1921-22ರ ಬರಗಾಲದಲ್ಲಿ ನೆರವು ಬೊಲ್ಶೆವಿಕ್ ರಷ್ಯಾದ ವಿದ್ಯಾರ್ಥಿಗಳಿಗೂ ಹೋಯಿತು. ದೇವರನ್ನೇ ಒಪ್ಪದ ಸರ್ಕಾರದ ನಾಡಿನಲ್ಲಿ ಕ್ರೈಸ್ತ ಒಕ್ಕೂಟವೊಂದು ಅಡುಗೆಮನೆ ನಡೆಸಿತು.

ಜರ್ಮನಿಯಲ್ಲಿ ಈ ಕೆಲಸ ಇನ್ನೊಂದು ರೂಪ ತಾಳಿತು. 1923ರ ನವೆಂಬರ್ ಹೊತ್ತಿಗೆ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ತೆರಬೇಕಿತ್ತು. ಬೆಳಿಗ್ಗೆ ಕೈಗೆ ಬಂದ ಹಣಕ್ಕೆ ಸಂಜೆ ಬೆಲೆಯಿರುತ್ತಿರಲಿಲ್ಲ. ವಿದ್ಯಾರ್ಥಿಗಳು ತಾವೇ ಊಟದ ಮನೆಗಳನ್ನು ನಡೆಸಿದರು. ಚಪ್ಪಲಿ ರಿಪೇರಿಯ ಅಂಗಡಿ, ಬಟ್ಟೆ ಒಗೆಯುವ ಮನೆ, ಹೊಲಿಗೆ ಕೋಣೆಗಳನ್ನು ತೆರೆದರು. ಗಣಿ, ಕಾರ್ಖಾನೆಗಳಿಗೆ ಕೂಲಿಗೆ ಹೋದರು. ಹೊರಗಿನಿಂದ ಬಂದ ಹಣ ಇಂಥ ಸ್ವಸಹಾಯಕ್ಕೆ ಬಂಡವಾಳವಾಯಿತು. ಪ್ರೊಫೆಸರನ ಮಗ ತನ್ನ ಸಹಪಾಠಿಯ ಬೂಟಿಗೆ ಅಟ್ಟೆ ಹಾಕುವುದು ಆ ಸಮಾಜದಲ್ಲಿ ಹಿಂದೆಂದೂ ಕಂಡ ನೋಟವಲ್ಲ. ನೆರವು ಪಡೆಯುವವನು ಕೈಯೊಡ್ಡುವವನಾಗದೆ ಜೊತೆಗೆ ದುಡಿಯುವವನಾದದ್ದು ಈ ಇಡೀ ಪ್ರಯತ್ನದ ಅತ್ಯುತ್ತಮ ಸಾಧನೆ ಎನ್ನಲು ಅಡ್ಡಿಯಿಲ್ಲ. ರೌಸ್ 1925ರಲ್ಲಿ ಈ ಕಥನವನ್ನು ಪುಸ್ತಕವಾಗಿ ಪ್ರಕಟಿಸಿದರು.

ಈ ಸೇವೆಯ ಮೇಲೆ ಗಂಭೀರವಾದ ಆಪಾದನೆಗಳೂ ಬಂದವು. 1922ರಲ್ಲಿ ಒಕ್ಕೂಟ ಪೀಕಿಂಗ್‌ನಲ್ಲಿ ಸಮ್ಮೇಳನ ಕರೆದಾಗ ಚೀನಾದ ವಿದ್ಯಾರ್ಥಿಗಳು ಅದನ್ನು ವಿರೋಧಿಸಲೆಂದೇ ಸಂಘ ಕಟ್ಟಿದರು. ಬಂಡವಾಳಶಾಹಿಗೂ ಸಾಮ್ರಾಜ್ಯಶಾಹಿಗೂ ಕ್ರೈಸ್ತ ಧರ್ಮ ಬಾಲಬಡುಕ ಎಂಬುದು ಅವರ ದೂರು. ಆ ದೂರಿನಲ್ಲಿ ಸತ್ಯಾಂಶವಿತ್ತು. ಫಿರಂಗಿಗಳ ನೆರಳಿನಲ್ಲೇ ಅನೇಕ ಮಿಷನ್ನುಗಳು ಚೀನಾ ಹೊಕ್ಕಿದ್ದವು.

ಇನ್ನೊಂದು ಬಿರುಕು ಒಳಗಿನದು. ಸಮಾಜದ ಕೆಲಸ ಹೆಚ್ಚಿದಷ್ಟೂ ಶಿಲುಬೆಯ ಸಂದೇಶ ತೆಳುವಾಗುತ್ತದೆಂಬ ಭಯ ಕೆಲವರಿಗಿತ್ತು. ದೈವಶಾಸ್ತ್ರದ ಭಿನ್ನಾಭಿಪ್ರಾಯದಿಂದ ಕೇಂಬ್ರಿಜ್‌ನ ಕ್ರೈಸ್ತ ವಿದ್ಯಾರ್ಥಿ ಕೂಟ 1910ರಲ್ಲೇ ಒಕ್ಕೂಟದ ಬ್ರಿಟಿಷ್ ಅಂಗವಾದ ವಿದ್ಯಾರ್ಥಿ ಕ್ರೈಸ್ತ ಚಳವಳಿಯಿಂದ ಹೊರಬಂದಿತ್ತು. ಆ ಧಾರೆಯಿಂದ 1947ರಲ್ಲಿ ಇವ್ಯಾಂಜೆಲಿಕಲ್ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಕೂಟ ಮೂಡಿತು. 1954ರಲ್ಲಿ ಭಾರತದಲ್ಲೂ ಅಂಥದೊಂದು ಸಂಘಟನೆ ಶುರುವಾಯಿತು. ಒಬ್ಬರು ಆತ್ಮದ ಹಸಿವಿಗೆ, ಇನ್ನೊಬ್ಬರು ಹೊಟ್ಟೆಯ ಹಸಿವಿಗೆ ಎಂದು ಕ್ಯಾಂಪಸ್ಸಿನ ಕೆಲಸ ಹಂಚಿಹೋದದ್ದು ಎರಡೂ ಪಕ್ಷಗಳಿಗೆ ನಷ್ಟ. ಆ ಗೋಡೆಗೆ ಬಾಗಿಲು ಕೊರೆದವರು ಲ್ಯಾಟಿನ್ ಅಮೆರಿಕದಲ್ಲಿ ಅದೇ ಇವ್ಯಾಂಜೆಲಿಕಲ್ ಕೂಟಕ್ಕಾಗಿ ದುಡಿದವರು: ಈಕ್ವೆಡಾರ್‌ನ ದರ್ಜಿಯೊಬ್ಬನ ಮಗ ರೆನೆ ಪಡಿಯಾ ಮತ್ತು ಪೆರುವಿನ ಸ್ಯಾಮುಯೆಲ್ ಎಸ್ಕೊಬಾರ್. ಬಡತನ, ಕ್ರಾಂತಿಗಳ ನಡುವಿನ ಹುಡುಗರು ಕೇಳುತ್ತಿದ್ದ ಪ್ರಶ್ನೆಗಳಿಗೆ ಹಳೆಯ ಕರಪತ್ರಗಳಲ್ಲಿ ಉತ್ತರವಿರಲಿಲ್ಲ. 1974ರಲ್ಲಿ ಸುಮಾರು 150 ದೇಶಗಳವರು ಸೇರಿದ್ದ ಲೌಸಾನ್ ಸಮ್ಮೇಳನದಲ್ಲಿ ಇಬ್ಬರೂ ಇದನ್ನು ನಿಷ್ಠುರವಾಗಿ ಹೇಳಿದರು. ಸುವಾರ್ತೆ ಸಾರುವುದೂ ಸಾಮಾಜಿಕ ಹೊಣೆಯೂ ಎರಡೂ ಕ್ರೈಸ್ತನ ಕರ್ತವ್ಯವೆಂದು ಲೌಸಾನ್ ಒಡಂಬಡಿಕೆ ಒಪ್ಪಿಕೊಂಡಿತು.

ತಮ್ಮ ಪಾಲಿನ ನೋವನ್ನು ಹೊರುವುದೆಂದರೆ ಏನೆಂಬುದಕ್ಕೆ ಇನ್ನೂ ತೀಕ್ಷ್ಣವಾದ ನಿದರ್ಶನ ಫ್ರಾನ್ಸಿನದು. 1939ರಲ್ಲಿ ಅಲ್ಲಿನ ಪ್ರೊಟೆಸ್ಟೆಂಟ್ ಯುವಜನರ ಮತ್ತು ವಿದ್ಯಾರ್ಥಿಗಳ ಚಳವಳಿಗಳು ಕೂಡಿ ಸಿಮಾದ್ ಎಂಬ ಸಮಿತಿ ಕಟ್ಟಿದವು. ಯುದ್ಧದಿಂದ ಮನೆಮಾರು ತೊರೆದ ಅಲ್ಸೇಸ್-ಲೊರೇನ್ ಜನರಿಗೆ ನೆರವಾಗುವುದು ಆಗಿನ ಉದ್ದೇಶ. ಮರುವರ್ಷ ವಿದ್ಯಾರ್ಥಿ ಚಳವಳಿಯಲ್ಲೇ ಬೆಳೆದ ಮ್ಯಾಡಲೀನ್ ಬರೋ ಅದರ ಪ್ರಧಾನ ಕಾರ್ಯದರ್ಶಿಯಾದರು. ಪಿರನೀಸ್ ತಪ್ಪಲಿನ ಗುರ್ಸ್ ಸೆರೆಶಿಬಿರಕ್ಕೆ 1940ರ ಅಕ್ಟೋಬರ್‌ನಲ್ಲಿ ಜರ್ಮನಿಯ ಬಾಡೆನ್ ಮತ್ತು ಅದರ ನೆರೆಯ ಪ್ರಾಂತದಿಂದ ಸುಮಾರು 6,500 ಯೆಹೂದಿಗಳನ್ನು ತಂದು ಸುರಿಯಲಾಗಿತ್ತು. ಹಲಗೆಯ ಕೊಟ್ಟಿಗೆಗಳು, ಮೊಣಕಾಲುದ್ದ ಕೆಸರು, ಕಾಯಿಲೆ. ಬರೋ ಮತ್ತು ಸಂಗಡಿಗರು ಬೇಲಿಯ ಹೊರಗೆ ನಿಂತು ಪೊಟ್ಟಣ ಹಂಚಿ ಹಿಂತಿರುಗಲಿಲ್ಲ. ಒಳಗೇ ಒಂದು ಕೊಟ್ಟಿಗೆ ಪಡೆದು ಅಲ್ಲಿಯೇ ನೆಲೆಸಿದರು. 1942ರ ಆಗಸ್ಟ್‌ನಲ್ಲಿ ಶಿಬಿರದಿಂದ ಆಶ್ವಿಟ್ಜ್ ದಾರಿಯ ರೈಲುಗಳು ಹೊರಡತೊಡಗಿದಾಗ ಕಾನೂನಿನೊಳಗಿನ ಸೇವೆಗೆ ಅರ್ಥ ಉಳಿಯಲಿಲ್ಲ. ಸುಳ್ಳು ಗುರುತುಪತ್ರ, ಬಚ್ಚಿಡುವ ಮನೆಗಳು, ರಾತ್ರಿ ಸ್ವಿಟ್ಜರ್ಲೆಂಡಿನ ಗಡಿ ದಾಟಿಸುವುದು ಅವರ ಕೆಲಸವಾಯಿತು. ಇಸ್ರೇಲಿನ ಯಾದ್ ವಶೇಮ್ ಸ್ಮಾರಕ ಸಂಸ್ಥೆ 1988ರಲ್ಲಿ ಬರೋ ಅವರನ್ನು ಗೌರವಿಸಿತು. ಸಿಮಾದ್ ಇಂದಿಗೂ ಫ್ರಾನ್ಸಿನಲ್ಲಿ ವಲಸಿಗರ ಪರವಾಗಿ ದುಡಿಯುತ್ತಿದೆ.

ಈ ಇತಿಹಾಸ ಕನ್ನಡ ನಾಡಿಗೆ ಹೊರಗಿನದಲ್ಲ. 1928ರ ಡಿಸೆಂಬರ್‌ನಲ್ಲಿ ಜಾಗತಿಕ ಒಕ್ಕೂಟದ ಮಹಾಸಮಿತಿ ಸೇರಿದ್ದು ಮೈಸೂರಿನಲ್ಲಿ. ಮೋಟ್ ಅಧ್ಯಕ್ಷತೆಯ ಕಾಲ ಮುಗಿದು, ಅಮೆರಿಕದ ಫ್ರಾನ್ಸಿಸ್ ಮಿಲ್ಲರ್ ಆ ಸ್ಥಾನಕ್ಕೆ ಬಂದದ್ದು ಆ ವರ್ಷವೇ. 1912ರಲ್ಲಿ ಶುರುವಾದ ಭಾರತದ ವಿದ್ಯಾರ್ಥಿ ಕ್ರೈಸ್ತ ಚಳವಳಿಯ ಕೇಂದ್ರ ಕಚೇರಿ ಇರುವುದು ಬೆಂಗಳೂರಿನಲ್ಲಿ. 1947ರಿಂದ ಕೆಲವು ವರ್ಷ ಜಿನೀವಾದಲ್ಲಿ ಒಕ್ಕೂಟಕ್ಕಾಗಿ ದುಡಿದ ಕೇರಳದ ಎಂ. ಎಂ. ಥಾಮಸ್, ಮುಂದೆ ಬೆಂಗಳೂರಿನ ಧರ್ಮ ಮತ್ತು ಸಮಾಜ ಅಧ್ಯಯನ ಸಂಸ್ಥೆಯ ನಿರ್ದೇಶಕರಾಗಿ ನವಭಾರತ ನಿರ್ಮಾಣದಲ್ಲಿ ಕ್ರೈಸ್ತರ ಪಾಲೇನೆಂದು ಹಲವು ವರ್ಷ ಚಿಂತಿಸಿದರು. ವಿಯೆನ್ನಾದಲ್ಲಿ ಮೊಳೆತ ಪರಿಹಾರ ಕಾರ್ಯ ಕಾಲಕ್ರಮದಲ್ಲಿ ಒಕ್ಕೂಟದಿಂದ ಬೇರೆಯಾಗಿ, ಎಲ್ಲ ಮತದವರ ಜಾಗತಿಕ ವಿಶ್ವವಿದ್ಯಾಲಯ ಸೇವಾ ಸಂಸ್ಥೆಯಾಯಿತು. ದೆಹಲಿ ವಿಶ್ವವಿದ್ಯಾಲಯದ ಆರೋಗ್ಯ ಕೇಂದ್ರ ಇಂದಿಗೂ ಆ ಸಂಸ್ಥೆಯ ಹೆಸರನ್ನೇ ಹೊತ್ತಿದೆ.

ಒಕ್ಕೂಟದ ದಾಖಲೆಗಳು ಜಿನೀವಾ ಮತ್ತು ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯಗಳಲ್ಲಿ ಭದ್ರವಾಗಿವೆ. ಅವುಗಳಲ್ಲಿ ಕಾರ್ಯದರ್ಶಿಗಳ ದನಿ ಕೇಳುತ್ತದೆ. ಮೈಸೂರು, ಬೆಂಗಳೂರು, ಮಂಗಳೂರಿನ ಕಾಲೇಜುಗಳಲ್ಲಿ ಚಂದಾ ಎತ್ತಿದ, ಬರ ನೆರೆಗಳಲ್ಲಿ ಓಡಾಡಿದ ಹುಡುಗ ಹುಡುಗಿಯರ ದನಿ ಅಲ್ಲಿ ಸಿಗಲಾರದು. ಕೂಟದ ನಡಾವಳಿ ಪುಸ್ತಕ, ಲೆಕ್ಕದ ಚೀಟಿ, ಶಿಬಿರದ ಫೋಟೊ, ಪತ್ರಗಳು ಹಳೆಯ ಸದಸ್ಯರ ಮನೆಗಳಲ್ಲೋ ಸಭೆಗಳ ಬೀರುಗಳಲ್ಲೋ ಇದ್ದರೆ, ಗೆದ್ದಲ ಪಾಲಾಗುವ ಮೊದಲು ಅವನ್ನು ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹದಂಥ ಕಡೆಗೆ ತಲುಪಿಸಬೇಕು. ಆ ಸದಸ್ಯರಲ್ಲಿ ಬದುಕಿರುವವರ ನೆನಪುಗಳನ್ನು ಕನ್ನಡದಲ್ಲಿ ದಾಖಲಿಸುವ ಕೆಲಸಕ್ಕೆ ನಮ್ಮ ಇತಿಹಾಸ ವಿಭಾಗಗಳ ಸಂಶೋಧಕರು ಈಗಲೇ ಕೈಹಾಕಬೇಕು.