ಒಂದು ರಾತ್ರಿಗೆ ಬಾಡಿಗೆ ತಂದ ಸಿನಿಮಾ: ಕೆಜಿಎಫ್ ಲೈನ್ ಮನೆಗಳ ವಿಡಿಯೋ ಜಾಗರಣೆ

(ಪಾಡ್‌ಕಾಸ್ಟ್ ಕಂತಿನ ಬರಹರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಲಾಗಿದೆ.)

ಹೋದ ತಿಂಗಳು ಕೆಜಿಎಫ್‌ನ ನಮ್ಮ ಮನೇಲಿ ಒಂದು ಸಿನಿಮಾ ರಾತ್ರಿ ಮಾಡಿದ್ವಿ. ಸ್ನೇಹಿತನ ಪ್ರೊಜೆಕ್ಟರ್, ಗೋಡೆ ಮೇಲೆ ಅಪ್ಪನ ಬಿಳಿ ಪಂಚೆ, ಬಂಗಾರಪೇಟೆಯಿಂದ ತಂದ ಪಾನಿಪುರಿ. ಗೊತ್ತಲ್ವಾ, ಬಂಗಾರಪೇಟೆ ಪಾನಿಗೆ ಬಣ್ಣ ಇರಲ್ಲ, ನೋಡೋಕೆ ಬರೀ ನೀರು, ಬಾಯಿಗೆ ಹಾಕಿದ್ರೆ ಕಣ್ಣಲ್ಲಿ ನೀರು. ನಾನು ಹಾಕಿದ ಸಿನಿಮಾ 2018ರ 'ಕೆಜಿಎಫ್'. ಇಡೀ ದೇಶ ನೋಡಿ ಮುಗಿಸಿದ ಸಿನಿಮಾನ ನಮ್ಮ ಬೀದಿಯ ಹಿರಿಯರ ಜೊತೆ ಕೂತು ಒಂದ್ಸಲ ನೋಡ್ಬೇಕು ಅಂತ ಆಸೆ.

ಅರ್ಧ ಗಂಟೆ ಆಗಿರಬೇಕು. ಗಣಿ ಒಳಗೆ ಇಪ್ಪತ್ತೇಳು ವರ್ಷ ದುಡಿದ ಪಕ್ಕದ ಮನೆ ತಾತ ಎದ್ದು ನಿಂತ್ಕೊಂಡ್ರು. 'ಎಲ್ಲಾ ಚೆನ್ನಾಗಿದೆ ಕಣಪ್ಪಾ, ನಮ್ಮ ಗಣಿ ಎಲ್ಲಿ?' ಅಂದ್ರು. ಆಮೇಲೆ ಅಪ್ಪನ ಕಡೆ ತಿರುಗಿ, 'ಶಿವರಾತ್ರಿಗೆ ನೀನು ವಿಡಿಯೋ ತಂದಿದ್ಯಲ್ಲಾ, ಅದನ್ನ ಇವನಿಗೆ ಹೇಳಿದ್ಯಾ?' ಅಂತ ಕೇಳಿದ್ರು.

ಅಪ್ಪ ಹೇಳಿರಲಿಲ್ಲ. ಈ ಕಂತು ಅದರ ಬಗ್ಗೆ.

ಆದ್ರೆ ಆ ರಾತ್ರಿಗೆ ಹೋಗೋಕೆ ಮುಂಚೆ ಕರೆಂಟಿನ ಕಥೆ ಹೇಳ್ಲೇಬೇಕು. ಯಾಕಂದ್ರೆ ಬಂಗಾರಪೇಟೆಯವರು ಸಿನಿಮಾ ನೋಡೋಕೆ ಕೆಜಿಎಫ್‌ಗೆ ಬಂದಿದ್ದೇ ಕರೆಂಟಿಗಾಗಿ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿಂದ ವಿದ್ಯುತ್ ತಯಾರಿಸಿ, ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ತಂದ್ರು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ, ಅಂದ್ರೆ ನಮಗಿಂತ ಮೂರು ವರ್ಷ ತಡವಾಗಿ. ಇದನ್ನ ನಮ್ಮೂರಲ್ಲಿ ಯಾರನ್ನ ಕೇಳಿದ್ರೂ ಎದೆ ಉಬ್ಬಿಸಿ ಹೇಳ್ತಾರೆ. ನಾನೂ ಶಾಲೆಯಲ್ಲಿ ಹಾಗೇ ಹೇಳ್ತಿದ್ದೆ. ಆದ್ರೆ ಆ ಕರೆಂಟು ಬಂದಿದ್ದು ಯಾರಿಗೆ? ನೀರೆತ್ತೋ, ಅದಿರೆತ್ತೋ, ಕಲ್ಲು ಪುಡಿ ಮಾಡೋ ಯಂತ್ರಗಳಿಗೆ. ಕಂಪನಿಗೆ ಬೇಕಿದ್ದು ಚಿನ್ನ. ಉತ್ತರ ಆರ್ಕಾಟಿನಿಂದ, ಆಂಧ್ರದ ಕಡೆಯಿಂದ ಬಂದು ತಟ್ಟಿ ಗುಡಿಸಲಲ್ಲಿ ಇದ್ದವರಿಗೆ ದೀಪ ಹಾಕೋಕೆ ಯಾರೂ ಅಷ್ಟು ದೂರ ತಂತಿ ಎಳೀಲಿಲ್ಲ. 'ಲಿಟಲ್ ಇಂಗ್ಲೆಂಡ್' ಅಂತ ಹೆಸರು ಬಂದಿದ್ದೂ ಸಾಹೇಬರ ಬಂಗಲೆಗಳಿಂದ, ನಮ್ಮ ಲೈನ್‌ಗಳಿಂದ ಅಲ್ಲ.

ಲೈನ್ ಅಂದ್ರೆ ಸಾಲು ಮನೆ. ಗೋಡೆಗೆ ಗೋಡೆ ಅಂಟಿಕೊಂಡಿರುತ್ತೆ. ಪಕ್ಕದ ಮನೇಲಿ ಕೆಮ್ಮಿದ್ರೆ ಇಲ್ಲಿ ಕೇಳುತ್ತೆ. ಗಣಿ 1956ರಲ್ಲಿ ಮೈಸೂರು ಸರ್ಕಾರದ ಕೈಗೆ ಬಂತು, 1962ರಲ್ಲಿ ಕೇಂದ್ರಕ್ಕೆ ಹೋಯ್ತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್, ಅಂದ್ರೆ ಬಿಜಿಎಂಎಲ್ ಆಯ್ತು. ಅಷ್ಟರಲ್ಲಿ ಲೈನ್ ಮನೆಗಳಲ್ಲೂ ಬಲ್ಬು ಉರೀತಿತ್ತು. ಬಂಗಾರಪೇಟೆಯ ನನ್ನ ಅಮ್ಮ ಈಗಲೂ ಹೇಳ್ತಾರೆ: 'ನಮ್ಮಲ್ಲಿ ಸಾಯಂಕಾಲ ಆದ್ರೆ ಸೀಮೆಎಣ್ಣೆ ದೀಪ ಒರೆಸಿ ಇಡ್ತಿದ್ವಿ. ಚಾಂಪಿಯನ್‌ನಲ್ಲಿ ಕರೆಂಟು ಹೋಗಿದ್ದನ್ನ ನಾನು ನೋಡೇ ಇಲ್ಲ.'

ಈಗ ಟಿವಿಗೆ ಬರೋಣ. ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರ ನವೆಂಬರ್ 1ರಂದು. ಮುಂದಿನ ವರ್ಷ ದೆಹಲಿ ಏಷ್ಯನ್ ಗೇಮ್ಸ್. ಆ ನೆಪದಲ್ಲಿ ದೇಶಕ್ಕೆ ಕಲರ್ ಟಿವಿ ಬಂತು, ಹಿಂದೆಯೇ ವಿಸಿಆರ್, ವಿಸಿಪಿ ಬಂದವು. ವಿಸಿಆರ್‌ನಲ್ಲಿ ರೆಕಾರ್ಡ್ ಮಾಡಬಹುದು. ವಿಸಿಪಿ ಬರೀ ಹಾಕಿ ನೋಡೋ ಯಂತ್ರ, ಬೆಲೆ ಕಡಿಮೆ. ಆದ್ರೂ ಗಣಿ ಕೆಲಸದವನು ಕೊಳ್ಳೋ ಮಾತಲ್ಲ. ಹಾಗಾಗಿ ಬಾಡಿಗೆ. ಸಣ್ಣ ಊರುಗಳಲ್ಲೂ ವಿಡಿಯೋ ಲೈಬ್ರರಿ ಬೋರ್ಡ್ ಬಿತ್ತು. ಟಿವಿ, ವಿಸಿಪಿ, ಮೂರು ಕ್ಯಾಸೆಟ್, ಒಂದು ರಾತ್ರಿ. ಯಾಕೆ ಮೂರು? ಸಾಮಾನ್ಯ ವಿಎಚ್‌ಎಸ್ ಕ್ಯಾಸೆಟ್ ಮೂರು ಗಂಟೆ ಓಡುತ್ತೆ, ನಮ್ಮ ಸಿನಿಮಾ ಎರಡೂವರೆ. ಮೂರು ಸಿನಿಮಾ ಆಗೋ ಹೊತ್ತಿಗೆ ಬೆಳಗಾಗುತ್ತೆ. ಶಿವರಾತ್ರಿಗೆ ಹೇಳಿ ಮಾಡಿಸಿದ ಲೆಕ್ಕ. ನಿದ್ದೆ ಮಾಡದೇ ಇರೋಕೆ ಭಜನೆ, ಹರಿಕಥೆ ಇದ್ದ ಜಾಗಕ್ಕೆ ಕರ್ನಾಟಕದ ಎಷ್ಟೋ ಬೀದಿಗಳಲ್ಲಿ ವಿಡಿಯೋ ಬಂದು ಕೂತಿದ್ದು ಹೀಗೆ.

1986ರ ಶಿವರಾತ್ರಿ. ಅಪ್ಪನಿಗೆ ಹದಿನೆಂಟು. ಅಪ್ಪನ ಕಾಲೇಜು ಗೆಳೆಯ ಬಂಗಾರಪೇಟೆಯವರು, ಮುಂದೆ ನನ್ನ ಸೋದರಮಾವ ಆದವರು. ಇಬ್ಬರೂ ಸೇರಿ ಬಂಗಾರಪೇಟೆಯ ಅಂಗಡಿಯಲ್ಲಿ ಸೆಟ್ ಮಾತಾಡಿದ್ರು. ಎಲ್ಲಾ ಸೇರಿ ಎಂಬತ್ತು ರೂಪಾಯಿ. ಡೆಪಾಸಿಟ್ಟಿಗೆ ದುಡ್ಡಿಲ್ಲ, ಮಾವನ ಸೈಕಲ್ ಅಂಗಡಿ ಮುಂದೆ ಒತ್ತೆ ನಿಂತಿತು. ಟಿವಿಯನ್ನ ಬೆಡ್‌ಶೀಟಲ್ಲಿ ಸುತ್ತಿ ಮಾರಿಕುಪ್ಪಂ ರೈಲು ಹತ್ತಿದ್ರು. ಬಂಗಾರಪೇಟೆಯಿಂದ ಗಣಿಗೆ ಅಂತಲೇ 1894ರಲ್ಲಿ ಹಾಕಿದ ಲೈನು ಅದು. ಆಗ ಊರಿನ ಹೆಸರು ಬೌರಿಂಗ್‌ಪೇಟೆ. ಕೋರಮಂಡಲ್, ಊರಿಗಾಂ, ಚಾಂಪಿಯನ್, ಅಷ್ಟೂ ದೂರ ಅಪ್ಪ ಟಿವಿಯನ್ನ ತೊಡೆ ಮೇಲೆ ಮಗು ಥರ ಇಟ್ಕೊಂಡು ಕೂತಿದ್ದರಂತೆ. ಜೊತೆಗೆ ಮಾವನ ತಾಯಿ, ತಂಗಿ. ಆ ತಂಗಿಯೇ ನನ್ನ ಅಮ್ಮ.

ಲೆಕ್ಕ ನೋಡಿ. ನಾನು ಬಿ.ಕಾಂ. ಮಾಡಿದವನು, ಇದನ್ನ ಬಿಡೋಕಾಗಲ್ಲ. ಲೈನಲ್ಲಿ ಹದಿನಾಲ್ಕು ಮನೆ. ಮನೆಗೆ ಐದು ರೂಪಾಯಿ. ಹನ್ನೊಂದು ಮನೆಯಿಂದ ಐವತ್ತೈದು ಬಂತು. ಎರಡು ಮನೆಯವರು ದುಡ್ಡಿಲ್ಲ ಅಂತ ಬೇಯಿಸಿದ ಕಡಲೆಕಾಯಿ ಕೊಟ್ರು. ಇನ್ನೊಂದು ಮನೆಯ ಗಂಡಸು ಗಣಿಯಲ್ಲೇ ತೀರಿಕೊಂಡಿದ್ದರು, ಅವರನ್ನ ಕೇಳಲೇ ಇಲ್ಲ. ಉಳಿದ ಇಪ್ಪತ್ತೈದು ಅಪ್ಪ, ಮಾವನ ತಲೆ ಮೇಲೆ. ಯಾರು ಕೊಟ್ರು, ಯಾರು ಕೊಡಲಿಲ್ಲ ಅಂತ ಬರೆದಿಟ್ಟಿಲ್ವಾ ಅಂತ ಕೇಳಿದೆ. 'ಬರೆದಿದ್ರೆ ಜಗಳ ಆಗೋದು' ಅಂದ್ರು ಅಪ್ಪ.

(ಇದು ಕಾನೂನಿಗೆ ಸರಿನಾ ಅಂತ ಯಾರಾದ್ರೂ ಕೇಳ್ಬಹುದು. 1984ರಲ್ಲಿ ಕಾಪಿರೈಟ್ ಕಾನೂನಿಗೆ ತಿದ್ದುಪಡಿ ತಂದು ನಕಲಿ ಕ್ಯಾಸೆಟ್ಟಿಗೆ ಕನಿಷ್ಠ ಆರು ತಿಂಗಳು ಜೈಲು, ಐವತ್ತು ಸಾವಿರ ದಂಡ ಅಂತ ಮಾಡಿದ್ರು. ದುಡ್ಡು ಕೂಡಿಸಿ ಹದಿನಾಲ್ಕು ಮನೆಗೆ ತೋರಿಸೋದನ್ನ ಮನೆಯೊಳಗಿನ ಸಿನಿಮಾ ಅನ್ನೋದೂ ಕಷ್ಟ. ಆ ಲೈನಲ್ಲಿ ಈ ಕಾನೂನಿನ ಹೆಸರನ್ನೇ ಯಾರೂ ಕೇಳಿರಲಿಲ್ಲ.)

ನಿಜವಾದ ಜಗಳ ಯಾವ ಸಿನಿಮಾ ಮೊದಲು ಅನ್ನೋದಕ್ಕೆ. ಲೈನಲ್ಲಿ ಹೆಚ್ಚಿನವರು ತಮಿಳರು, ನಾಲ್ಕೈದು ಮನೆ ತೆಲುಗು. ಬಂದ ಅತಿಥಿಗಳು ಕನ್ನಡ. ದೇವರ ಹಬ್ಬ, ದೊಡ್ಡವರಿದ್ದಾರೆ, ಆದ್ದರಿಂದ ಮೊದಲು ಶಿವಾಜಿ ಗಣೇಶನ್ ಶಿವನಾದ 1965ರ 'ತಿರುವಿಳೈಯಾಡಲ್'. ಕೊನೆಗೆ, ಹುಡುಗರಿಗೆ, ಹೊಸ ರಜನೀಕಾಂತ್ ಸಿನಿಮಾ 'ಪಡಿಕ್ಕಾದವನ್'. ನಡುವೆ 1954ರ 'ಬೇಡರ ಕಣ್ಣಪ್ಪ'. ಅದನ್ನ ಆರಿಸಿದ್ದು ಮಾವ, ಜಾಣತನದಿಂದ. ರಾಜ್‌ಕುಮಾರ್ ನಾಯಕನಾದ ಮೊದಲ ಚಿತ್ರ. ಅದೇ ಕಥೆ ಅದೇ ವರ್ಷ ತೆಲುಗಲ್ಲಿ 'ಕಾಳಹಸ್ತಿ ಮಹಾತ್ಮ್ಯಂ' ಆಗಿ ಬಂತು, ಅಲ್ಲೂ ರಾಜ್‌ಕುಮಾರೇ ಕಣ್ಣಪ್ಪ. ತಮಿಳರಿಗಂತೂ ಕಣ್ಣಪ್ಪ ಅರವತ್ಮೂವರು ನಾಯನಾರರಲ್ಲಿ ಒಬ್ಬ. ಶಿವನಿಗೆ ಕಣ್ಣು ಕಿತ್ತುಕೊಟ್ಟ ಬೇಡ ಯಾವ ಭಾಷೆಯವನು ಅಂತ ಆ ಲೈನಲ್ಲಿ ಯಾರು ಜಗಳ ಆಡ್ತಾರೆ?

ಟಿವಿಯನ್ನ ತಾತನ ಮನೆ ಬಾಗಿಲಲ್ಲಿ ಬೀದಿಗೆ ಮುಖ ಮಾಡಿ ಇಟ್ರು. ಒಳಗೆ ಜಾಗ ಇಲ್ಲ, ಇರೋದೇ ಒಂದು ಕೋಣೆ. ಹೆಂಗಸರು ಚಾಪೆ ಮೇಲೆ, ಗಂಡಸರು ಹಿಂದೆ ನಿಂತು, ಮಕ್ಕಳು ಟಿವಿ ಮೂಗಿಗೆ ತಾಗೋ ಹಾಗೆ. ತಾತನಿಗೆ ಚಾಂಪಿಯನ್ ರೀಫ್‌ನಲ್ಲಿ ರಾತ್ರಿ ಪಾಳಿ. ಮೊದಲ ಸಿನಿಮಾ ಮುಗಿಯೋಕೆ ಮುಂಚೆ ಊಟದ ಡಬ್ಬಿ ಹಿಡಿದು ಹೊರಟರು. 'ರಜನಿದು ನಾನು ಬರೋವರೆಗೆ ಹಾಕ್ಬೇಡಿ' ಅಂದ್ರಂತೆ. ಆಗಲ್ಲ ಅಂತ ಅವರಿಗೂ ಗೊತ್ತಿತ್ತು.

'ಬೇಡರ ಕಣ್ಣಪ್ಪ' ಅರ್ಧ ದಾಟಿತ್ತು. ನೆಲ ನಡುಗಿತು.

ಕೆಜಿಎಫ್ ಗೊತ್ತಿಲ್ಲದವರಿಗೆ ಹೇಳ್ತೀನಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಅಷ್ಟು ಕೆಳಗೆ ಬಂಡೆ ಮೇಲಿನ ಭಾರಕ್ಕೆ ಬಿಗಿದು ನಿಂತಿರುತ್ತೆ. ಅದಿರು ತೆಗೆದು ಟೊಳ್ಳು ಮಾಡ್ತಾ ಹೋದ್ರೆ ಒಂದು ಗಳಿಗೇಲಿ ತಡೀಲಾರದೆ ಸಿಡಿಯುತ್ತೆ. ರಾಕ್ ಬರ್ಸ್ಟ್ ಅಂತಾರೆ, ನಮ್ಮೂರ ಹಳಬರ ಬಾಯಲ್ಲಿ 'ಏರ್ ಬ್ಲಾಸ್ಟ್'. ಮೇಲೆ ಮನೆಯಲ್ಲಿ ಪಾತ್ರೆ ಅಲುಗುತ್ತೆ, ಗೋಡೆ ಬಿರುಕು ಬಿಡುತ್ತೆ. ಕೆಳಗೆ ಏನಾಯ್ತು ಅನ್ನೋದು ಮೇಲೆ ಕೂತವರಿಗೆ ತಕ್ಷಣ ಗೊತ್ತಾಗಲ್ಲ.

ಮಾವ ವಿಸಿಪಿಯ ಪಾಸ್ ಒತ್ತಿದ್ರು. ಬೀದಿ ಪೂರ್ತಿ ಮೌನ. ನಮ್ಮ ಪಾಟಿ, ಅಂದ್ರೆ ಅಪ್ಪನ ಅಮ್ಮ, ಏನೂ ಮಾತಾಡದೆ ಎದ್ದು ಸೆರಗು ಬಿಗಿದು ಶಾಫ್ಟ್ ಕಡೆ ನಡೆದರು. ಪಾಳಿಯಲ್ಲಿ ಗಂಡಸರಿದ್ದ ಮನೆಯ ಹೆಂಗಸರೆಲ್ಲ ಹಿಂದೆ. ಅಮ್ಮ ಆವಾಗ ಚಿಕ್ಕ ಹುಡುಗಿ, ಬಂಗಾರಪೇಟೆಯವಳು. ಭೂಕಂಪ ಅಂದ್ಕೊಂಡು ಅಳೋಕೆ ಶುರುಮಾಡಿದಳಂತೆ. 'ಯಾರೂ ಓಡಲಿಲ್ಲ, ಎಲ್ಲರೂ ನಡೆದ್ರು. ಅದಕ್ಕೇ ಹೆದರಿಕೆ ಆಯ್ತು' ಅಂತಾರೆ ಈಗಲೂ.

ವಿಸಿಪಿಗೆ ಒಂದು ಗುಣ ಇದೆ. ಪಾಸ್ ಒತ್ತಿ ಕೆಲವು ನಿಮಿಷ ಬಿಟ್ರೆ ಟೇಪ್ ಸವೆಯಬಾರದು ಅಂತ ಅದೇ ನಿಂತುಹೋಗುತ್ತೆ. ರಾಜ್‌ಕುಮಾರ್ ಮುಖ ಹೋಗಿ ಟಿವಿ ಪರದೆ ಖಾಲಿಯಾಯ್ತು. ಮತ್ತೆ ಹಾಕೋಕೆ ಯಾರಿಗೂ ಕೈ ಬರಲಿಲ್ಲ.

ಒಂದು ಗಂಟೆ ಮೇಲಾಗಿರಬೇಕು, ಸುದ್ದಿ ಬಂತು. ಬೇರೆ ಮಟ್ಟದಲ್ಲಿ ಆಗಿದೆ, ಆ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ. ಹುಡುಗರು ರಜನಿ ಕ್ಯಾಸೆಟ್ ಹಾಕಿದ್ರು. ಶಿಳ್ಳೆಯೂ ಬಿತ್ತು. ಪಾಟಿ ಮಾತ್ರ ಟಿವಿಗೆ ಬೆನ್ನು ಹಾಕಿ, ಶಾಫ್ಟ್ ಕಾಣೋ ದಿಕ್ಕಿಗೆ ಮುಖ ಮಾಡಿ ಬೆಳಗಿನ ಸೈರನ್ ಆಗೋವರೆಗೆ ಕೂತಿದ್ರು. ತಾತ ಬಂದು ಕೇಳಿದ ಮೊದಲ ಮಾತು, 'ಮುಗೀತಾ?' ಒಂಬತ್ತಕ್ಕೆ ಸೆಟ್ ವಾಪಸ್ ಕೊಡಬೇಕಿತ್ತು. ಅಪ್ಪ ಕೊನೇ ಅರ್ಧ ಗಂಟೆಯನ್ನ ಮತ್ತೆ ಹಾಕಿದ್ರು. ತಾತ ಒಬ್ಬರೇ, ತಲೆಗೂದಲಲ್ಲಿ ಕಲ್ಲಿನ ಪುಡಿ ಇದ್ದ ಹಾಗೇ, ಟೀ ಕುಡೀತಾ ನೋಡಿದ್ರು. ಅಮ್ಮನಿಗೆ ಕಣ್ಣಪ್ಪನ ಕೊನೆ ನೋಡೋಕೆ ಸಿಕ್ಕಿದ್ದು ಎಷ್ಟೋ ವರ್ಷ ಆದ ಮೇಲೆ, ಟಿವಿಯಲ್ಲಿ.

ಮುಂದಿನದ್ದು ಬೇಗ ಮುಗಿಯುತ್ತೆ. 1987ರ ಜನವರಿಯಲ್ಲಿ ದೂರದರ್ಶನದ 'ರಾಮಾಯಣ' ಶುರುವಾಯ್ತು, ಭಾನುವಾರ ಟಿವಿ ಇದ್ದವರ ಮನೆ ಎಲ್ಲರ ಮನೆ. 1993ರಲ್ಲಿ ಸನ್ ಟಿವಿ, 1994ರಲ್ಲಿ ಉದಯ ಟಿವಿ. ಕೇಬಲ್ ಬಂದ ಮೇಲೆ ತಮಿಳಿನವರು ತಮಿಳು, ಕನ್ನಡದವರು ಕನ್ನಡ ಚಾನೆಲ್ ಹಾಕ್ಕೊಂಡು ಬಾಗಿಲು ಹಾಕಿದ್ರು. ಇದನ್ನ ಟಿವಿಯ ತಪ್ಪು ಅಂತ ಬೈಯೋದು ಸುಲಭ, ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಆ ಹೊತ್ತಿಗೆ ಗಣಿಯೇ ಮುಳುಗ್ತಾ ಇತ್ತು, ಐದು ರೂಪಾಯಿ ಕೇಳೋಕೂ ಸಂಕೋಚ. 2001ರ ಫೆಬ್ರವರಿ 28ಕ್ಕೆ ಬಿಜಿಎಂಎಲ್ ಮುಚ್ಚಿತು. ತಾತ ಮಂಚದ ಕೆಳಗೆ ಹೆಲ್ಮೆಟ್ ಇಟ್ರು. ಅಪ್ಪ ಕತ್ತಲೆ ಇರೋವಾಗಲೇ ಬೆಂಗಳೂರು ರೈಲು ಹಿಡಿಯೋಕೆ ಶುರುಮಾಡಿದ್ರು. ಈಗ ನಮ್ಮೂರಿನ ಸಾವಿರಾರು ಜನ ಹಾಗೇ ಹೋಗಿ ಬರ್ತಾರೆ. ರಾತ್ರಿ ಮನೆಗೆ ಬಂದು ಮೂರು ಸಿನಿಮಾ ನೋಡೋ ಶಕ್ತಿ ಯಾರಿಗಿದೆ?

ಸರಿ, ಹೋದ ತಿಂಗಳಿಗೆ ವಾಪಸ್. 'ಕೆಜಿಎಫ್' ನಿಲ್ಲಿಸಿದ್ವಿ. ಯಶ್ ಅಭಿಮಾನಿಗಳು ಬೇಜಾರು ಮಾಡ್ಕೋಬೇಡಿ, ಆಮೇಲೆ ನಾವು ಹುಡುಗರು ಪೂರ್ತಿ ನೋಡಿದ್ವಿ. ನನ್ನ ಲ್ಯಾಪ್‌ಟಾಪಲ್ಲಿ ಅಪ್ಪ ಅಮ್ಮನ 1994ರ ಮದುವೆ ಕ್ಯಾಸೆಟ್ಟಿನ ಡಿಜಿಟಲ್ ಕಾಪಿ ಇತ್ತು. ಅದನ್ನ ಹಾಕಿದೆ. ಪಂಚೆ ಮೇಲೆ ಲೈನ್ ಬಂತು. ಜನ ಒಬ್ಬೊಬ್ಬರನ್ನೇ ಗುರುತಿಸೋಕೆ ಶುರುಮಾಡಿದ್ರು: ಇವರು ನಂದಿದುರ್ಗ ಗಣಿ, ಇವರಿಗೆ ಆಮೇಲೆ ಶ್ವಾಸಕೋಶ ಹೋಯ್ತು, ಇವಳು ಈಗ ಹೊಸೂರಲ್ಲಿದ್ದಾಳೆ. ಕಥೆ ಇಲ್ಲ, ಹಾಡು ಎಲ್ಲಾ ಆ ಕಾಲದ ವಿಡಿಯೋದವನು ಅಂಟಿಸಿದ್ದು, ಹೃದಯದ ಆಕಾರದೊಳಗೆ ನಮ್ಮಮ್ಮನ ಮುಖ ತಿರುಗುತ್ತೆ. ಒಂದೂವರೆ ಗಂಟೆ ಯಾರೂ ಏಳಲಿಲ್ಲ.

ಒಂದು ಕಡೆ ತಾತ ಮಡಚೋ ಕುರ್ಚಿ ಎರಡು ಹೊತ್ಕೊಂಡು ಅಡ್ಡ ಬರ್ತಾರೆ. ಕ್ಯಾಮೆರಾ ಅಂತ ಗೊತ್ತಾಗಿ ಪಕ್ಕಕ್ಕೆ ಸರೀತಾರೆ. ನಾಲ್ಕು ಸೆಕೆಂಡ್ ಇರಬಹುದು. 'ನಿಲ್ಸು' ಅಂದ್ರು ಪಾಟಿ. ನಿಲ್ಲಿಸಿದೆ. ಲ್ಯಾಪ್‌ಟಾಪ್ ನೋಡಿ, ಎಷ್ಟು ಹೊತ್ತು ಬೇಕಾದ್ರೂ ನಿಂತಿರುತ್ತೆ. ಪಾಟಿ ಈ ಸಲ ಪರದೆ ಕಡೆಗೇ ಮುಖ ಮಾಡಿ ಕೂತಿದ್ರು. ನಾನು ಅಡುಗೆಮನೆಗೆ ಹೋಗಿ ಎಲ್ಲರಿಗೂ ಟೀ ಇಟ್ಟೆ.

ಕೊನೆಗೊಂದು ಮಾತು. ನಿಮ್ಮ ಮನೇಲೂ ಹಳೇ ವಿಎಚ್‌ಎಸ್ ಕ್ಯಾಸೆಟ್ ಇದ್ರೆ ಸಿಕ್ಕ ಪ್ಲೇಯರಿಗೆ ಹಾಕ್ಬೇಡಿ. ಕಿಟಕಿಯೊಳಗೆ ಟೇಪಿನ ಮೇಲೆ ಬಿಳಿ ಪುಡಿ ಥರ ಕಂಡ್ರೆ ಅದು ಬೂಷ್ಟು. ಟೇಪೂ ಹೋಗುತ್ತೆ, ಯಂತ್ರವೂ ಹಾಳಾಗುತ್ತೆ. ಮೊದಲು ಕ್ಲೀನ್ ಮಾಡಿಸಿ, ಆಮೇಲೆ ಕಾಪಿ ಮಾಡಿಸಿ. ಕೆಜಿಎಫ್, ಬಂಗಾರಪೇಟೆಯವರಾದ್ರೆ ನನಗೊಂದು ಮಾತು ತಿಳಿಸಿ. ಪ್ರೊಜೆಕ್ಟರ್ ಇನ್ನೂ ಸ್ನೇಹಿತನಿಗೆ ವಾಪಸ್ ಕೊಟ್ಟಿಲ್ಲ.