ಚಟದ ದಿನಚರಿ ಮತ್ತು ಸಿನಿಮಾ

ಮಾದಕ ವ್ಯಸನದ ಗಂಭೀರ ಚಿತ್ರಗಳನ್ನು ಅವು ಬಂದ ಕ್ರಮದಲ್ಲೇ ನೋಡುತ್ತ ಹೋದರೆ, ನೋವನ್ನು ಜೋರಾಗಿ ತೋರಿಸಿದಷ್ಟೂ ಚಿತ್ರ ಸತ್ಯಕ್ಕೆ ಹತ್ತಿರ ಎಂಬ ನಂಬಿಕೆ ಉಳಿಯುವುದಿಲ್ಲ. ಚಟವೆಂದರೆ ಮೊದಲಿಗೆ ಒಂದು ದಿನಚರಿ: ಹಣ ಹೊಂದಿಸುವುದು, ಮಾಲು ತರುವವನಿಗೆ ಕಾಯುವುದು, ಮನೆಯವರಿಗೆ ಸುಳ್ಳು ಹೇಳುವುದು, ಮರುದಿನ ಮತ್ತೆ ಅದೇ. ಇದನ್ನು ಹಿಡಿದ ಚಿತ್ರಗಳೇ ಈ ಪ್ರಕಾರವನ್ನು ಬೆಳೆಸಿವೆ. 1955ರಲ್ಲಿ ಆಟೊ ಪ್ರೆಮಿಂಜರ್ ‘ದ ಮ್ಯಾನ್ ವಿತ್ ದ ಗೋಲ್ಡನ್ ಆರ್ಮ್’ ತೆಗೆದಾಗ ಹಾಲಿವುಡ್ಡಿನ ನೀತಿಸಂಹಿತೆ ಈ ವಿಷಯಕ್ಕೇ ಅವಕಾಶ ಕೊಡುತ್ತಿರಲಿಲ್ಲ. ಅದರ ಮುದ್ರೆಯಿಲ್ಲದೆಯೇ ಚಿತ್ರ ತೆರೆಕಂಡಿತು. ಮರುವರ್ಷ ಸಂಹಿತೆ ಸಡಿಲವಾಯಿತು. ಆ ಧೈರ್ಯ ದೊಡ್ಡದು. ಆದರೆ ಫ್ರಾಂಕ್ ಸಿನಾಟ್ರಾ ನಟಿಸಿದ ನಾಯಕ ಬೀಗ ಹಾಕಿದ ಕೋಣೆಯಲ್ಲಿ ಒದ್ದಾಡಿ ಚಟ ಕಳಚಿಕೊಳ್ಳುತ್ತಾನೆ. ನೆಲ್ಸನ್ ಆಲ್ಗ್ರೆನ್‌ನ ಮೂಲ ಕಾದಂಬರಿಯಲ್ಲಿ ಅದೇ ಮನುಷ್ಯ ನೇಣು ಹಾಕಿಕೊಳ್ಳುತ್ತಾನೆ. ಒಂದು ಭೀಕರ ರಾತ್ರಿ ದಾಟಿದರೆ ಸಾಕು ಎಂಬ ಈ ಸಮಾಧಾನ ಚಟದ ಸ್ವಭಾವಕ್ಕೆ ಒಪ್ಪುವಂಥದ್ದಲ್ಲ.

ಆ ಸಮಾಧಾನವನ್ನು ಬಿಟ್ಟುಕೊಟ್ಟದ್ದು 1971ರ ‘ದ ಪ್ಯಾನಿಕ್ ಇನ್ ನೀಡಲ್ ಪಾರ್ಕ್’. ಜೆರ್ರಿ ಶಾಟ್ಸ್‌ಬರ್ಗ್ ನಿರ್ದೇಶಿಸಿದ ಈ ಚಿತ್ರಕ್ಕೆ ಹಿನ್ನೆಲೆ ಸಂಗೀತವೇ ಇಲ್ಲ, ನ್ಯೂಯಾರ್ಕಿನ ಬೀದಿಯ ಸದ್ದಷ್ಟೇ. ಅದರ ಪ್ರೇಮಿಗಳಾದ ಬಾಬಿ ಮತ್ತು ಹೆಲೆನ್ ನಾಯಿಮರಿಯೊಂದನ್ನು ಕೊಂಡು ದೋಣಿಯಲ್ಲಿ ಮರಳುತ್ತಾರೆ. ಶೌಚಾಲಯದಲ್ಲಿ ಹೆರಾಯಿನ್ ಚುಚ್ಚಿಕೊಳ್ಳುವಾಗ ಮರಿ ಕುಂಯ್‌ಗುಡುತ್ತದೆಂದು ಹೊರಗೆ ಬಿಡುತ್ತಾರೆ, ಅದು ನೀರುಪಾಲಾಗುತ್ತದೆ. ಕ್ರೂರಿಗಳಲ್ಲದ ಇಬ್ಬರ ಗಮನವನ್ನು ಚಟ ಹೇಗೆ ಕಸಿದುಕೊಂಡಿದೆ ಎಂಬುದಕ್ಕೆ ಇನ್ನಾವ ವಿವರಣೆಯೂ ಬೇಡ. ಕೊನೆಗೆ ಹೆಲೆನ್ ಅವನನ್ನು ಪೊಲೀಸರಿಗೆ ಹಿಡಿದುಕೊಡುತ್ತಾಳೆ, ಅವನು ಜೈಲಿನಿಂದ ಹೊರಬಂದಾಗ ಅವನ ಜೊತೆಗೇ ಹೆಜ್ಜೆ ಹಾಕುತ್ತಾಳೆ. ಹತ್ತು ವರ್ಷದ ನಂತರ ‘ಕ್ರಿಸ್ಟಿಯಾನೆ ಎಫ್.’ ಇದೇ ನೋಟವನ್ನು ಪಶ್ಚಿಮ ಬರ್ಲಿನ್ನಿನ ಎಳೆಯರ ಮೇಲೆ ಹಾಯಿಸಿತು.

2000ದಲ್ಲಿ ದಾರಿ ಕವಲೊಡೆಯಿತು. ಡ್ಯಾರೆನ್ ಅರೊನೊಫ್‌ಸ್ಕಿಯ ‘ರೆಕ್ವಿಯಮ್ ಫಾರ್ ಎ ಡ್ರೀಮ್’ ವೇಗದ ಸಂಕಲನವನ್ನೇ ನೆಚ್ಚಿತು: ಹೆರಾಯಿನ್ ಕುದಿಯುತ್ತದೆ, ಸಿರಿಂಜು ತುಂಬುತ್ತದೆ, ಕಣ್ಣಪಾಪೆ ದಿಢೀರನೆ ಹಿಗ್ಗುತ್ತದೆ. ನಿಜದಲ್ಲಿ ಹೆರಾಯಿನ್ ಪಾಪೆಯನ್ನು ಸೂಜಿಮೊನೆಯಷ್ಟಕ್ಕೆ ಕುಗ್ಗಿಸುತ್ತದೆ. ಪರಿಣಾಮದ ಆಸೆಗೆ ದೇಹದ ಸತ್ಯವನ್ನು ಬಿಟ್ಟುಕೊಟ್ಟ ಗುರುತು ಇದು. ತೂಕ ಇಳಿಸುವ ಮಾತ್ರೆಗೆ ಸಿಕ್ಕಿಬಿದ್ದ ಒಂಟಿ ತಾಯಿಯಾಗಿ ಎಲೆನ್ ಬರ್ಸ್ಟಿನ್ ಮಾತ್ರ ಈ ಅಬ್ಬರವನ್ನೂ ಮೀರಿ ನಿಲ್ಲುತ್ತಾರೆ. ಅದೇ ವರ್ಷ ಪೆಡ್ರೊ ಕೋಸ್ಟ ಲಿಸ್ಬನ್ನಿನ ಫೊಂಟೈನ್ಯಾಸ್ ಕೊಳೆಗೇರಿಯಲ್ಲಿ ಸಣ್ಣ ಡಿಜಿಟಲ್ ಕ್ಯಾಮೆರಾ ಇಟ್ಟು ‘ಇನ್ ವಾಂಡಾಸ್ ರೂಮ್’ ತೆಗೆದ. ಹೊರಗೆ ಮನೆಗಳನ್ನು ಕೆಡವುತ್ತಿದ್ದಾರೆ. ಒಳಗೆ ಹಾಸಿಗೆಯ ಮೇಲೆ ವಾಂಡಾ ಹೆರಾಯಿನ್ ಸೇದುತ್ತಾಳೆ, ಕೆಮ್ಮುತ್ತಾಳೆ, ಸೋದರಿಯೊಡನೆ ಹರಟುತ್ತಾಳೆ. ಸುಮಾರು ಮೂರು ಗಂಟೆಯ ಈ ಚಿತ್ರ ನೋಡುವುದು ಕಷ್ಟ. ಆದರೂ ವಾಂಡಾ ಇಲ್ಲಿ ಪಾಠಕ್ಕೊಂದು ಉದಾಹರಣೆಯಾಗಿಲ್ಲ, ಒಬ್ಬ ವ್ಯಕ್ತಿಯಾಗಿದ್ದಾಳೆ.

ಅರೊನೊಫ್‌ಸ್ಕಿಯ ಚಿತ್ರ ಹುಟ್ಟಿಸುವ ಭಯವೇ ಯುವಕರನ್ನು ತಡೆಯುತ್ತದೆ ಎನ್ನುವವರಿದ್ದಾರೆ. ಆದರೆ ಆರಂಭದಲ್ಲಿ ಚಟ ಯಾರಿಗೂ ಅಷ್ಟು ಭೀಕರವಾಗಿ ಕಾಣುವುದಿಲ್ಲ. ತೆರೆಯ ಮೇಲಿನ ಆ ನರಕ ತನ್ನ ಕತೆಯಲ್ಲವೆಂದು ನೋಡುಗ ಸುಲಭವಾಗಿ ಅಂದುಕೊಳ್ಳಬಲ್ಲ. ಕತ್ತಲೆಯ ಚಿತ್ರಗಳು ಚಿಕಿತ್ಸೆಯ ಭರವಸೆಯನ್ನೇ ಕೊಲ್ಲುತ್ತವೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಮೆಥಡೋನ್, ಬ್ಯುಪ್ರೆನಾರ್ಫಿನ್‌ನಂಥ ಔಷಧಗಳಿಂದ ಎಷ್ಟೋ ಜನ ಬದುಕು ಮರಳಿ ಕಟ್ಟಿಕೊಂಡಿದ್ದಾರೆ, ನಿಜ. ಆದರೆ ಚಟ ಮರುಕಳಿಸುವ ದೀರ್ಘಕಾಲದ ಕಾಯಿಲೆ ಎನ್ನುವುದೂ ಅದೇ ವೈದ್ಯಶಾಸ್ತ್ರವೇ. ಯೊವಾಕಿಮ್ ಟ್ರಿಯರ್‌ನ ‘ಆಸ್ಲೊ, ಆಗಸ್ಟ್ 31’ (2011) ಚಿತ್ರದ ಆಂಡರ್ಸ್ ವ್ಯಸನಮುಕ್ತಿ ಕೇಂದ್ರದಿಂದ ಒಂದು ದಿನದ ರಜೆಯಲ್ಲಿ ಕೆಲಸದ ಸಂದರ್ಶನಕ್ಕೆ ಹೋಗುತ್ತಾನೆ. ನಡುವಿನ ವರ್ಷಗಳಲ್ಲಿ ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆಗೆ ನಿಜ ಹೇಳಿದ ಮೇಲೆ, ತನ್ನ ಬಯೋಡೇಟಾವನ್ನು ತಾನೇ ಕಸದಬುಟ್ಟಿಗೆ ಹಾಕುತ್ತಾನೆ. ಚಟ ಬಿಟ್ಟವನಿಗೆ ಮರಳಲು ಜಾಗ ಎಲ್ಲಿದೆ ಎಂಬ ಈ ಪ್ರಶ್ನೆಯನ್ನು ಸುಖಾಂತ ಚಿತ್ರಗಳು ಎತ್ತುವುದೇ ಇಲ್ಲ.

2016ರಲ್ಲಿ ‘ಉಡ್ತಾ ಪಂಜಾಬ್’ಗೆ ಸೆನ್ಸಾರ್ ಮಂಡಳಿ ಹೇರಿದ ಕತ್ತರಿಗಳನ್ನು ಬಾಂಬೆ ಹೈಕೋರ್ಟ್ ಒಂದಕ್ಕೆ ಇಳಿಸಿದ್ದು ನಮ್ಮಲ್ಲೂ ಬಾಗಿಲು ತೆರೆಯಿತು. ಆಲಿಯಾ ಭಟ್ ನಟಿಸಿದ ಬಿಹಾರಿ ಕೂಲಿಹುಡುಗಿಯ ಭಾಗದಲ್ಲಿ ಆ ಚಿತ್ರ ಕಂಡುಕೊಂಡ ಸತ್ಯ ಬಲವಾದದ್ದು. ಕೊನೆಯ ಗುಂಡಿನ ಕಾಳಗಕ್ಕೆ ಅದನ್ನು ಒಪ್ಪಿಸದೆ, ಅವಳ ಮುಂದಿನ ತಿಂಗಳುಗಳ ಜೊತೆ ಇನ್ನಷ್ಟು ಹೊತ್ತು ಇರಬೇಕಿತ್ತು.