ದ್ವಿಪಕ್ಷ ವಿಮಾನದ ಪ್ರತಿಕೃತಿ: ಒಂದು ಆಕರವಿಚಾರ

ಪ್ರಥಮ ಮಹಾಯುದ್ಧ ಕಾಲದ ದ್ವಿಪಕ್ಷ ವಿಮಾನವೊಂದನ್ನು, ಅಂಗಡಿಯಲ್ಲಿ ದೊರೆಯುವ ಸಿದ್ಧಭಾಗಗಳ ನೆರವನ್ನು ಪಡೆಯದೆ, ಮರ, ತಂತಿ, ಪ್ಲಾಸ್ಟಿಕ್ ಹಾಳೆಗಳಿಂದಲೇ ಪ್ರಮಾಣಬದ್ಧವಾಗಿ ಕಟ್ಟುವ ಕಲೆಯನ್ನು ಬರಿಯ ಕೈಚಳಕದ ವಿನೋದವೆಂದು ಭಾವಿಸುವವರೇ ಹೆಚ್ಚು. ಕೈಚಳಕ ಅದರಲ್ಲಿ ಉಂಟೆಂಬುದು ನಿಜ; ಆದರೆ 1930ರ ದಶಕದಿಂದೀಚೆಗೆ ಆ ಕಲೆ ಬೆಳೆದುಬಂದ ಬಗೆಯನ್ನು ಪರಿಶೀಲಿಸಿದವರಿಗೆ, ಅದರ ಉತ್ಕರ್ಷವು ಉಳಿಯ ಮೊನೆಯನ್ನು ಎಷ್ಟು ಅವಲಂಬಿಸಿದೆಯೋ ಅದಕ್ಕಿಂತ ಹೆಚ್ಚಾಗಿ ಆಕರಗಳ ಶೋಧನೆಯನ್ನು ಅವಲಂಬಿಸಿದೆಯೆಂಬುದು ಗೋಚರವಾಗದಿರದು. ಹಲವು ಓಲೆಪ್ರತಿಗಳನ್ನು ಮುಂದಿಟ್ಟುಕೊಂಡು ಪಾಠಾಂತರಗಳನ್ನು ತೂಗಿ ಶುದ್ಧಪಾಠವನ್ನು ನಿರ್ಣಯಿಸುವ ಗ್ರಂಥಸಂಪಾದಕನು ಮಾಡುವ ಕೆಲಸವನ್ನೇ, ಛಾಯಾಚಿತ್ರ, ನಕ್ಷೆ, ಉಳಿದ ಬಟ್ಟೆಯ ಚೂರುಗಳನ್ನು ಮುಂದಿಟ್ಟುಕೊಂಡು ಈ ನಿರ್ಮಾಪಕನೂ ಮಾಡುತ್ತಾನೆಂಬುದು ನನ್ನ ಅಭಿಪ್ರಾಯ.

ಈ ಕಲೆಯ ಅರ್ವಾಚೀನ ಚರಿತ್ರೆಯನ್ನು 1932ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ‘ಸ್ಕೈಬರ್ಡ್ಸ್’ ಎಂಬ ಮರದ ಮಾದರಿಗಳಿಂದ ಮೊದಲುಮಾಡಬಹುದು. ಅವುಗಳ ವಿನ್ಯಾಸಕಾರನಾದ ಜೇಮ್ಸ್ ಹೇ ಸ್ಟೀವನ್ಸನು ಆರು ಅಡಿಗೆ ಒಂದು ಅಂಗುಲ, ಎಂದರೆ 1/72, ಎಂಬ ಪ್ರಮಾಣವನ್ನು ಅಂಗೀಕರಿಸಿದನು. ಆಳೆತ್ತರದ ವೈಮಾನಿಕನು ಅಂಗುಲದ ಗೊಂಬೆಯಾಗುವ ಈ ಸರಳ ಗಣಿತವೇ 1936ರ ‘ಫ್ರಾಗ್ ಪೆಂಗ್ವಿನ್’ ಪ್ಲಾಸ್ಟಿಕ್ ಮಾದರಿಗಳಿಗೂ, ತರುವಾಯದ ಅಸಂಖ್ಯಾತ ಮಾದರಿಗಳಿಗೂ ಆಧಾರವಾಯಿತು. ಆ ಕಾಲದ ನಿರ್ಮಾಪಕನು ಗಟ್ಟಿಮರದ ತುಂಡನ್ನು ರಟ್ಟಿನ ಅಚ್ಚುಗಳಿಗೆ ಸರಿಹೊಂದುವವರೆಗೆ ಕೆತ್ತುತ್ತಿದ್ದುದರಿಂದ ವಿಮಾನದ ಒಡಲು ಘನವಾಗಿಯೇ ಉಳಿಯುತ್ತಿತ್ತು; ಚಾಲಕನ ಆಸನಸ್ಥಾನವೆಂದರೆ ಕಪ್ಪು ಬಣ್ಣ ಬಳಿದ ಒಂದು ಕುಳಿ. ಒಳಗೆ ಏನಿತ್ತೆಂಬ ಪ್ರಶ್ನೆಗೆ ಅಲ್ಲಿ ಅವಕಾಶವೇ ಇರಲಿಲ್ಲ.

ಎರಡನೆಯ ಯುದ್ಧವು ಬಾಹ್ಯಾಕೃತಿಯ ಈ ಪ್ರಾಧಾನ್ಯವನ್ನು ಇನ್ನಷ್ಟು ದೃಢಪಡಿಸಿತು. 1942ರಲ್ಲಿ ಅಮೆರಿಕದ ನೌಕಾ ಇಲಾಖೆಯು ಶತ್ರುಮಿತ್ರ ವಿಮಾನಗಳನ್ನು ಗುರುತಿಸುವ ಶಿಕ್ಷಣಕ್ಕಾಗಿ ಐದು ಲಕ್ಷ ಮಾದರಿಗಳನ್ನು ಶಾಲೆಯ ವಿದ್ಯಾರ್ಥಿಗಳಿಂದ ಬೇಡಿತು. 1/72 ಪ್ರಮಾಣದ ಮಾದರಿಯನ್ನು 35 ಅಡಿ ದೂರದಿಂದ ನೋಡಿದರೆ ನಿಜವಾದ ವಿಮಾನವು ಸುಮಾರು ಅರ್ಧ ಮೈಲಿಯಾಚೆ ಕಂಡಂತೆ ಕಾಣುತ್ತದೆ. ಆ ಉದ್ದೇಶಕ್ಕೆ ಛಾಯಾರೂಪವೊಂದೇ ಸಾಕಾಗಿತ್ತು.

ಯುದ್ಧಾನಂತರ ಪರಿಸ್ಥಿತಿ ಬದಲಾಯಿತು. ಜೆ. ಎಂ. ಬ್ರೂಸ್ ಅವರ ‘ಬ್ರಿಟಿಷ್ ಏರೋಪ್ಲೇನ್ಸ್ 1914–18’ ಎಂಬ ಮಹಾಗ್ರಂಥವು 1957ರಲ್ಲಿಯೂ, ಲ್ಯಾಂಬರ್ಟನ್ ಸಂಕಲಿಸಿದ ಯುದ್ಧವಿಮಾನಗಳ ನಕ್ಷಾಸಂಪುಟವು 1960ರಲ್ಲಿಯೂ ಪ್ರಕಟವಾದುವು. ಅದೇ 1960ರಲ್ಲಿ ಅಮೆರಿಕದಲ್ಲಿ ‘ಕ್ರಾಸ್ ಅಂಡ್ ಕಾಕೇಡ್’ ಎಂಬ ಸಂಶೋಧಕರ ಸಂಘ ಸ್ಥಾಪಿತವಾಯಿತು. ಆಕರಗಳು ಹೀಗೆ ಕೂಡಿಬರುತ್ತಿದ್ದ ಕಾಲಕ್ಕೇ ಪಾಲಿಸ್ಟೈರೀನ್ ಹಾಳೆಯೂ ನಿರ್ಮಾಪಕರ ಕೈಗೆ ದೊರೆಯಿತು. ಈ ಹಾಳೆಯ ಪ್ರಯೋಗವನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವರಲ್ಲಿ ಹ್ಯಾರಿ ವುಡ್‌ಮನ್ ಅಗ್ರಗಣ್ಯರು. 1975ರಲ್ಲಿ ಅವರು ಬರೆದ ಕೈಪಿಡಿಯನ್ನು ಈ ಕ್ಷೇತ್ರದ ಲಕ್ಷಣಗ್ರಂಥವೆಂದರೆ ಉತ್ಪ್ರೇಕ್ಷೆಯಾಗದು. ಮರದಲ್ಲಿ ಕೆತ್ತಿದ ಅರ್ಧದೇಹದ ಅಚ್ಚನ್ನು, ಕಾಯಿಸಿ ಮೃದುಗೊಳಿಸಿದ ಹಾಳೆಯೊಳಕ್ಕೆ ರಂಧ್ರವುಳ್ಳ ಫಲಕದ ಮೂಲಕ ಒತ್ತಿದರೆ ಚಿಪ್ಪಿನಂತಹ ತೆಳ್ಳನೆಯ ಒಡಲು ದೊರೆಯುತ್ತದೆ. ರೆಕ್ಕೆಯ ಹಾಳೆಯನ್ನು ಕೊಳವೆಗೆ ಕಟ್ಟಿ ಬಿಸಿನೀರಿನಲ್ಲಿಟ್ಟರೆ ಬೇಕಾದ ಬಾಗು ನಿಲ್ಲುತ್ತದೆ. ಅದರ ಹಿಂಬದಿಯಲ್ಲಿ ಮಸಿಯಿಲ್ಲದ ಬಾಲ್‌ಪಾಯಿಂಟ್ ಲೇಖನಿಯಿಂದ ಗೆರೆ ಎಳೆದರೆ ಮುಂಬದಿಯಲ್ಲಿ ಪಕ್ಕೆಲುಬಿನ ರೇಖೆ ನವಿರಾಗಿ ಉಬ್ಬುತ್ತದೆ. ಒಡಲು ಟೊಳ್ಳಾದೊಡನೆಯೇ ಆಸನ, ನಿಯಂತ್ರಣದಂಡ, ಉಪಕರಣಫಲಕ, ಅಡ್ಡಪಟ್ಟಿಗಳೆಲ್ಲ ಹೇಗಿದ್ದುವೆಂಬ ಜಿಜ್ಞಾಸೆ ಅನಿವಾರ್ಯವಾಯಿತು. ಮರದ ಯುಗದಲ್ಲಿ ಯಾರೂ ಕೇಳದಿದ್ದ ಪ್ರಶ್ನೆಗಳನ್ನು ಕೇಳಿಸಿದ್ದು ಒಂದು ಹಾಳೆಯೆಂಬುದು ಗಮನಾರ್ಹ.

ಉದಾಹರಣೆಗೆ ಸಾಪ್‌ವಿತ್ ಕ್ಯಾಮೆಲ್ ವಿಮಾನವನ್ನು ತೆಗೆದುಕೊಳ್ಳೋಣ. 1916ರ ಡಿಸೆಂಬರಿನಲ್ಲಿ ಮೊದಲು ಹಾರಿದ ಈ ವಿಮಾನದ ರೆಕ್ಕೆಯ ಹರವು 28 ಅಡಿ. 1/72ರಲ್ಲಿ ಅದು 118 ಮಿಲಿಮೀಟರು, 1/24ರಲ್ಲಿ ಸುಮಾರು 355 ಮಿಲಿಮೀಟರು. ಎಂಜಿನ್, ಬಂದೂಕುಗಳು, ಇಂಧನ, ಚಾಲಕ ಎಲ್ಲವೂ ಮುಂಭಾಗದ ಏಳು ಅಡಿಗಳಲ್ಲಿ ಒತ್ತರಿಸಿಕೊಂಡಿದ್ದುದರಿಂದ, ಚಿಕ್ಕ ಪ್ರಮಾಣದಲ್ಲಿ ಆ ವಿಮಾನದ ಸಾರಸರ್ವಸ್ವವೂ ಮೂವತ್ತು ಮಿಲಿಮೀಟರಿನೊಳಗೆ ಅಡಗಬೇಕಾಗುತ್ತದೆ. ಮುಂದಿನಿಂದ ನೋಡಿದರೆ ಮೇಲಣ ರೆಕ್ಕೆ ಸಮತಟ್ಟು. ಕೆಳಗಣ ರೆಕ್ಕೆಯಾದರೋ ಎರಡೂ ಬದಿಗೆ ಸ್ಪಷ್ಟವಾಗಿ ಮೇಲಕ್ಕೆ ಏರಿದೆ. ಈ ವೈಷಮ್ಯಕ್ಕೆ ಕಾರಣ ಸೌಂದರ್ಯವಲ್ಲ. ಎರಡು ರೆಕ್ಕೆಗಳಿಗೂ ಸಮಾನವಾದ ಏರನ್ನು ಕೊಡಬೇಕೆಂದು ಮೊದಲು ಸಂಕಲ್ಪವಿದ್ದರೂ, ಮೇಲಿನದನ್ನು ನೇರವಾಗಿ ಮಾಡಿದರೆ ಕಾರ್ಖಾನೆಯಲ್ಲಿ ತಯಾರಿಕೆ ಸುಲಭವಾಗುವುದೆಂಬ ಕಾರಣದಿಂದ ಅದರ ಏರನ್ನು ತೆಗೆದು, ಕೆಳಗಿನದರ ಏರನ್ನು ಇಮ್ಮಡಿಗೊಳಿಸಿದರು. ಈ ಕಾರಣವನ್ನು ಬಲ್ಲ ನಿರ್ಮಾಪಕನು ನಕ್ಷೆಯಲ್ಲಿ ಮೇಲಿನ ರೆಕ್ಕೆ ತುಸು ಬಾಗಿದ್ದರೆ ಅದು ನಕ್ಷೆಗಾರನ ಪ್ರಮಾದವೆಂದು ನಿಶ್ಚಯವಾಗಿ ಹೇಳಬಲ್ಲನು. ಅಳತೆಯನ್ನು ಮಾತ್ರ ನಂಬಿದವನು ಆ ಪ್ರಮಾದವನ್ನೂ ಶ್ರದ್ಧೆಯಿಂದ ಕಟ್ಟುವನು.

ತಂತಿಗಳ ವಿಷಯವೂ ಹೀಗೆಯೇ. ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಫ್ಯಾಕ್ಟರಿಯಲ್ಲಿ ರೂಪುಗೊಂಡ ‘ರಾಫ್‌ವೈರ್’ ಎಂಬ ಬಿಗಿತಂತಿಯ ಅಡ್ಡಕೊಯ್ತವು ಮಸೂರದಂತೆ ಚಪ್ಪಟೆ. ಜರ್ಮನರು ಬಳಸುತ್ತಿದ್ದುದು ಹುರಿಗೊಳಿಸಿದ ದುಂಡನೆಯ ಕೇಬಲ್. ಆದುದರಿಂದ ಎರಡು ಕಡೆಯ ವಿಮಾನಗಳಿಗೂ ಒಂದೇ ದುಂಡು ದಾರವನ್ನು ಕಟ್ಟಿದರೆ ಬ್ರಿಟಿಷ್ ವಿಮಾನದ ರೂಪಕ್ಕೆ ಅನ್ಯಾಯವಾಗುತ್ತದೆ. ಬಟ್ಟೆಯ ವಿಷಯದಲ್ಲಿಯಂತೂ ಅಂಗಡಿಯಲ್ಲಿ ದೊರೆಯುತ್ತಿದ್ದ ಹಳೆಯ ಸಿದ್ಧಮಾದರಿಗಳು ಬಹುಕಾಲ ತಪ್ಪುದಾರಿ ತೋರಿದುವು. ಲಿನನ್ ಬಟ್ಟೆಗೆ ‘ಡೋಪ್’ ಲೇಪವನ್ನು ಬಳಿಯುತ್ತಿದ್ದುದು ಅದು ಮದ್ದಳೆಯ ಚರ್ಮದಂತೆ ಬಿಗಿಯಾಗಲೆಂದೇ. ಪಕ್ಕೆಲುಬುಗಳ ನಡುವೆ ಆಳವಾಗಿ ಜೋತುಬಿದ್ದ ಬಟ್ಟೆಯನ್ನೂ, 1/72ರಲ್ಲಿ ಕಣ್ಣಿಗೆ ಕಾಣಲೇಬಾರದ ನೆಯ್ಗೆಯನ್ನೂ ತೋರಿಸುವ ರೆಕ್ಕೆಗಳು ಸತ್ಯಕ್ಕೆ ದೂರವಾದವು.

ಇಷ್ಟಾದರೂ ಕ್ಯಾಮೆಲ್ ಎಂಬ ಒಂದೇ ವಿಮಾನ ಇರಲಿಲ್ಲವೆಂಬುದನ್ನು ಮರೆಯಲಾಗದು. ಅನೇಕ ಸಂಸ್ಥೆಗಳು ಕೂಡಿ ಐದು ಸಾವಿರಕ್ಕೂ ಮಿಗಿಲಾಗಿ ತಯಾರಿಸಿದ ಈ ವಿಮಾನಕ್ಕೆ ಕ್ಲರ್ಜೆ, ಲ ರೋನ್, ಬೆಂಟ್ಲಿ ಎಂಬ ಭಿನ್ನ ಎಂಜಿನ್‌ಗಳಿದ್ದುವು. ಕೆನಡಾದ ವಿಲಿಯಂ ಬಾರ್ಕರ್ ಹಾರಿಸಿದ ಬಿ6313 ಸಂಖ್ಯೆಯ ಕ್ಯಾಮೆಲ್ಲನ್ನು ಕಟ್ಟಬೇಕಾದರೆ ಸಂಖ್ಯೆಯೊಂದೇ ಸಾಲದು, ಕಾಲವೂ ಬೇಕು. ಏಕೆಂದರೆ ಎಂಜಿನ್ನನ್ನು ತಂಪಾಗಿಡಲು ಅದರ ಮುಂಗವಚದಲ್ಲಿ ಕಂಡಿಗಳನ್ನು ಕೊರೆಯಲಾಯಿತು, ಗುರಿಯ ಸಾಧನವನ್ನು ಮಾರ್ಪಡಿಸಲಾಯಿತು, ಒಡಲಿನ ಬಿಳಿಯ ಪಟ್ಟೆಗಳೂ ಕಾಲಕ್ರಮದಲ್ಲಿ ಬದಲಾದುವು. 1918ರ ಅಕ್ಟೋಬರಿನಲ್ಲಿ ಆ ವಿಮಾನವನ್ನೇ ಕಳಚಿಹಾಕಿದರು. ಈಗ ಛಾಯಾಚಿತ್ರಗಳೇ ಶರಣು. ಇದೇ ಬಾರ್ಕರ್‌ನೊಡನೆ 28ನೆಯ ಸ್ಕ್ವಾಡ್ರನ್ನಿನಲ್ಲಿ ಹರದಿತ್ ಸಿಂಗ್ ಮಲಿಕ್ ಅವರೂ ಕ್ಯಾಮೆಲ್ ಹಾರಿಸಿದರೆಂಬುದನ್ನು ಭಾರತೀಯರಾದ ನಾವು ನೆನೆಯಬೇಕು.

ಛಾಯಾಚಿತ್ರವಾದರೂ ನಿರಪೇಕ್ಷ ಸಾಕ್ಷಿಯಲ್ಲ. ಆ ಕಾಲದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣದಿದ್ದುದರಿಂದ ಕೆಂಪು ಬಣ್ಣವು ಚಿತ್ರದಲ್ಲಿ ಕಪ್ಪಾಗಿಯೂ, ನೀಲಿಯು ಹೆಚ್ಚು ತಿಳಿಯಾಗಿಯೂ ಮೂಡುತ್ತದೆ. ಹಳದಿಯೂ ಅನೇಕ ವೇಳೆ ಗಾಢವಾಗಿಯೇ ತೋರುತ್ತದೆ. ಇದರಿಂದಲೇ ‘ಪಿ.ಸಿ. 10’ ಎಂಬ ಬ್ರಿಟಿಷ್ ರಕ್ಷಣಾಲೇಪದ ವಿವಾದವು ಇಷ್ಟು ದೀರ್ಘವಾಯಿತು. ಹಳದಿ ಕಾವಿಮಣ್ಣಿನ ಜಾತಿಯ ಕಬ್ಬಿಣದ ವರ್ಣದ್ರವ್ಯಕ್ಕೆ ದೀಪದ ಕಾಡಿಗೆಯನ್ನು ಬೆರಸಿ ಅದನ್ನು ಸಿದ್ಧಪಡಿಸುತ್ತಿದ್ದರು. ಹಳದಿಯೂ ಕಪ್ಪೂ ಕೂಡಿದಾಗ ಕಣ್ಣಿಗೆ ಹಸಿರಿನ ಛಾಯೆ ತೋರುವುದು ಸಹಜ. ಆದರೆ ಲೇಪದ ಮಾಧ್ಯಮ ಯಾವುದು, ಮೇಲೆ ವಾರ್ನಿಷ್ ಬಳಿದಿದ್ದರೇ, ಎಷ್ಟು ಕಾಲ ಬಿಸಿಲು ಬಿದ್ದಿತ್ತು ಎಂಬುದನ್ನು ಅನುಸರಿಸಿ ಅದು ಹಸಿರಿನಿಂದ ಕಂದಿಗೆ ತಿರುಗುತ್ತದೆ. ಒಂದು ಪಕ್ಷದವರು ಕಂದೆಂದೂ ಇನ್ನೊಂದು ಪಕ್ಷದವರು ಹಸಿರೆಂದೂ ಹಟಹಿಡಿದು ವಾದಿಸಿದುದು ಈ ಕಾರಣದಿಂದ ನನಗೆ ಅಷ್ಟಾಗಿ ಸಮ್ಮತವಲ್ಲ. ಎರಡು ಪಕ್ಷಗಳೂ ನಿಜವಾದ ಬಟ್ಟೆಯ ಚೂರುಗಳನ್ನೇ ನೋಡಿರಬಹುದು, ನೋಡಿದ ಚೂರುಗಳ ವಯಸ್ಸು ಬೇರೆಯಾಗಿರಬಹುದು. ಕಾರ್ಖಾನೆಯಿಂದ ಆಗತಾನೆ ಬಂದ ವಿಮಾನವನ್ನು ಕಟ್ಟುವವನು ಹಸಿರಿನತ್ತ ವಾಲುವ ಮಿಶ್ರಣವನ್ನೂ, ಹಲವು ತಿಂಗಳು ಬಿಸಿಲುಮಳೆಗಳಲ್ಲಿ ನಿಂತ ವಿಮಾನವನ್ನು ಕಟ್ಟುವವನು ಕಂದಿನತ್ತ ವಾಲುವ ಮಿಶ್ರಣವನ್ನೂ ಆರಿಸಿಕೊಂಡು, ಆರಿಸಿದ ತಿಂಗಳನ್ನೂ ಆಧಾರವನ್ನೂ ಪ್ರತಿಕೃತಿಯ ಪೀಠದ ಮೇಲೆ ಬರೆದಿಡುವುದು ಯುಕ್ತ.